ಅಪಘಾತವರದಿಗಳಲ್ಲಿ ಕರ್ತೃಪದ

೧

ಶಾಸನವನ್ನು ಓದುವ ವಿದ್ವಾಂಸರು ಅಕ್ಷರಗಳನ್ನು ಗುರುತಿಸಿದ ಮೇಲೆ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ವಾಡಿಕೆ. ಇದನ್ನು ಬರೆಯಿಸಿದವರು ಯಾರು? ಬರೆದವರು ಯಾರು? ಯಾರ ಹೆಸರು ಇದರಲ್ಲಿದೆ, ಇರಬೇಕಾಗಿದ್ದ ಯಾರ ಹೆಸರು ಇಲ್ಲ? ದಾನಶಾಸನವು ಕಾವ್ಯವಲ್ಲವೆಂಬ ಕಾರಣದಿಂದ ನಮ್ಮ ಹಿರಿಯರು ಅದನ್ನು ಉಪೇಕ್ಷಿಸಲಿಲ್ಲ. ಒಡೆದ ಪಂಕ್ತಿಗಳಿಂದಲೂ ಚರಿತ್ರಾಂಶವನ್ನು ಸಂಗ್ರಹಿಸಿದರು. ಈ ಕಾಲದ ಪ್ರಭುತ್ವಗಳು ಕಲ್ಲಿನ ಮೇಲೆ ಬರೆಯಿಸುವುದಿಲ್ಲ. ವಿಚಾರಣಾಸಮಿತಿಗಳನ್ನು ನೇಮಿಸಿ ವರದಿಗಳನ್ನು ಬರೆಯಿಸುತ್ತವೆ. ಒಂದು ಮಹಾದುರಂತದ ಅರ್ಥವೇನೆಂಬುದು ಮುಂದಿನ ತಲೆಮಾರಿಗೆ ಬಹುಮಟ್ಟಿಗೆ ಆ ವರದಿಗಳ ಮೂಲಕವೇ ತಲಪುತ್ತದೆ. ಅವನ್ನು ಇಂಜಿನಿಯರರೂ ಮಂತ್ರಿಗಳೂ ಓದುತ್ತಾರೆ; ಸಾಹಿತ್ಯಾಭ್ಯಾಸಿಗಳು ಓದುವುದು ವಿರಳ. ಈ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬುವುದು ಪ್ರಕೃತ ಲೇಖನದ ಉದ್ದೇಶ.

ವಿಮರ್ಶೆಗಾಗಿ ನಾವು ಆರಿಸಿಕೊಂಡಿರುವುದು ಪರಮಾಣುಸ್ಥಾವರಗಳಲ್ಲಿ ಸಂಭವಿಸಿದ ನಾಲ್ಕು ಅಪಘಾತಗಳ ವರದಿಗಳನ್ನು: ೧೯೫೭ರ ವಿಂಡ್‌ಸ್ಕೇಲ್, ೧೯೭೯ರ ತ್ರೀ ಮೈಲ್ ಐಲೆಂಡ್, ೧೯೮೬ರ ಚೆರ್ನೋಬಿಲ್, ೨೦೧೧ರ ಫುಕುಷಿಮಾ. ಈ ವರದಿಗಳಲ್ಲಿ ಬರುವ ಭೌತಶಾಸ್ತ್ರದ ಲೆಕ್ಕಗಳನ್ನು ಒರೆಹಚ್ಚುವುದು ನಮ್ಮ ಅಧಿಕಾರಕ್ಕೆ ಮೀರಿದ ಕೆಲಸ. ನಮ್ಮ ಪ್ರಶ್ನೆ ವೈಯಾಕರಣನದು: ಈ ವಾಕ್ಯಗಳಲ್ಲಿ ಕರ್ತೃ ಯಾರು?

ಕನ್ನಡದಲ್ಲಿ ಈ ಪ್ರಶ್ನೆಗೆ ವಿಶೇಷವಾದ ಸ್ವಾರಸ್ಯವುಂಟು. 'ಒಡೆ' ಎಂಬ ಧಾತು ಸಕರ್ಮಕವೂ ಹೌದು, ಅಕರ್ಮಕವೂ ಹೌದು. ಕೊಡವನ್ನು ಕೈತಪ್ಪಿ ಬೀಳಿಸಿದ ಹುಡುಗನು ತಾಯಿಯ ಮುಂದೆ ನಿಂತು 'ಕೊಡ ಒಡೆಯಿತು' ಎನ್ನುತ್ತಾನೆ. 'ನಾನು ಕೊಡವನ್ನು ಒಡೆದೆ' ಎನ್ನುವುದಿಲ್ಲ. ಅವನ ಮಾತು ಸುಳ್ಳಲ್ಲ. ಕೊಡ ಒಡೆದಿರುವುದು ನಿಜ. ಆದರೆ ಕರ್ತೃಸ್ಥಾನದಲ್ಲಿ ತಾನಿರಬೇಕಾದ ಕಡೆ ಕೊಡವನ್ನು ಕೂಡಿಸಿ ಅವನು ದಂಡನೆಯಿಂದ ತಪ್ಪಿಸಿಕೊಂಡಿದ್ದಾನೆ. ಇನ್ನು ಆ ಮನೆಯವರು ಮುಂದೆ ಮಾಡುವ ಏರ್ಪಾಡೂ ಈ ವಾಕ್ಯವನ್ನೇ ಅವಲಂಬಿಸುತ್ತದೆ. ಕೊಡವೇ ಒಡೆದಿದ್ದರೆ ಗಟ್ಟಿಯಾದ ಕೊಡವನ್ನು ಕೊಳ್ಳುತ್ತಾರೆ; ಹುಡುಗನು ಒಡೆದಿದ್ದರೆ ಅವನ ಕೈಗೆ ಕೊಡವನ್ನು ಕೊಡುವುದಿಲ್ಲ; ಮೆಟ್ಟಿಲಿನ ಮೇಲೆ ಪಾಚಿ ಬೆಳೆಯಲು ಬಿಟ್ಟವರು ಹಿರಿಯರೇ ಎಂದಾದರೆ ಹಿರಿಯರು ತಲೆತಗ್ಗಿಸಬೇಕಾಗುತ್ತದೆ. ಅಪಘಾತವರದಿಗಳ ವಿಷಯವೂ ಹೀಗೆಯೇ. ಕರ್ತೃವನ್ನು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿಂದ ಮುಂದಿನ ನೀತಿ ಹೊರಡುತ್ತದೆ. ಮೇಲಾಗಿ, ಈ ನಾಲ್ಕರಲ್ಲಿ ಮೂರು ವರದಿಗಳಿಗೆ ಎರಡೆರಡು ಪಾಠಗಳಿದ್ದು, ಆ ಪಾಠಗಳು ಮುಖ್ಯವಾಗಿ ಭಿನ್ನವಾಗುವುದು ಕರ್ತೃಪದದ ವಿಷಯದಲ್ಲಿಯೇ ಎಂಬುದು ನಮ್ಮ ವಾದದ ಸಾರ.

೨

ಇಂಗ್ಲೆಂಡಿನ ವಾಯವ್ಯ ಕರಾವಳಿಯ ವಿಂಡ್‌ಸ್ಕೇಲಿನಲ್ಲಿದ್ದುದು ವಿದ್ಯುದಾಗಾರವಲ್ಲ. ಬಾಂಬಿಗೆ ಬೇಕಾದ ಪ್ಲುಟೋನಿಯಮ್ಮನ್ನು ತಯಾರಿಸುವ ಗ್ರಾಫೈಟ್ ರಿಯಾಕ್ಟರು. ೧೯೫೭ರ ಅಕ್ಟೋಬರ್ ೧೦ರಂದು ಅದರೊಳಗೆ ಬೆಂಕಿ ಹತ್ತಿರುವುದು ಗೊತ್ತಾಯಿತು. ಗ್ರಾಫೈಟಿನಲ್ಲಿ ಸಂಚಿತವಾಗುವ ಶಕ್ತಿಯನ್ನು ಬಿಡಿಸುವುದಕ್ಕಾಗಿ ಆಗಾಗ ಅದನ್ನು ಬೇಕೆಂದೇ ಬಿಸಿಮಾಡುತ್ತಿದ್ದರು. ಆ ಕ್ರಿಯೆಯ ನಡುವೆಯೇ ಇಂಧನ ಹೊತ್ತಿಕೊಂಡಿತು. ಟಾಮ್ ಟೂಹಿ ಎಂಬ ಅಧಿಕಾರಿಯು ರಿಯಾಕ್ಟರಿನ ನೆತ್ತಿಯನ್ನು ಮತ್ತೆ ಮತ್ತೆ ಹತ್ತಿ ಬೆಂಕಿಯ ಸ್ಥಿತಿಯನ್ನು ನೋಡಿ, ನೀರನ್ನು ಹಾಯಿಸಿ, ಕೊನೆಗೆ ಗಾಳಿಯನ್ನು ನಿಲ್ಲಿಸಿ ಅದನ್ನು ನಂದಿಸಿದನು. ಸುತ್ತಣ ಸುಮಾರು ೫೦೦ ಚದರ ಕಿಲೋಮೀಟರ್ ಪ್ರದೇಶದ ಹಸುಗಳ ಹಾಲನ್ನು ಮಾರದಂತೆ ತಡೆದು ಚೆಲ್ಲಿಸಿದರು.

ಸರ್ ವಿಲಿಯಂ ಪೆನ್ನಿಯವರ ಅಧ್ಯಕ್ಷತೆಯ ಸಮಿತಿಯು ಅದೇ ತಿಂಗಳಲ್ಲಿ ವಿಚಾರಣೆಯನ್ನು ಮುಗಿಸಿ ವರದಿಯನ್ನೊಪ್ಪಿಸಿತು. ಅದರಲ್ಲಿ ಸಿಬ್ಬಂದಿಯ ತಪ್ಪುಗಳ ಜೊತೆಗೆ, ಉಷ್ಣಮಾಪಕಗಳು ಇಂತಹ ಕ್ರಿಯೆಗೆ ತಕ್ಕ ಸ್ಥಳಗಳಲ್ಲಿ ಇರಲಿಲ್ಲವೆಂಬುದೂ ಸಂಸ್ಥೆಯ ವ್ಯವಸ್ಥೆಯೇ ದುರ್ಬಲವಾಗಿತ್ತೆಂಬುದೂ ಸೇರಿದ್ದವು. ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ನರು ಇದನ್ನು ಪೂರ್ಣರೂಪದಲ್ಲಿ ಪ್ರಕಟಿಸಲು ಒಪ್ಪಲಿಲ್ಲ. ನವೆಂಬರಿನಲ್ಲಿ ಹೊರಬಂದ ಶ್ವೇತಪತ್ರವು ಮೂಲವನ್ನು ಸಂಕ್ಷೇಪಿಸಿ ಮಾರ್ಪಡಿಸಿದ ಪಾಠ. ಅದನ್ನು ಓದಿದವರಿಗೆ ಎದ್ದುಕಾಣುವುದು ಸಿಬ್ಬಂದಿಯ ನಿರ್ಣಯದೋಷ. ಮೂಲಪಾಠವು ಬೆಳಕನ್ನು ಕಂಡುದು ಮೂವತ್ತು ವರ್ಷಗಳ ಗೋಪ್ಯಾವಧಿ ಮುಗಿದ ಮೇಲೆ, ೧೯೮೮ರ ಜನವರಿಯಲ್ಲಿ.

ಈ ಪಾಠಭೇದಕ್ಕೆ ಕಾರಣವು ಅಂದಿನ ರಾಜಕೀಯದಲ್ಲಿಯೇ ದೊರೆಯುತ್ತದೆ. ಪರಮಾಣ್ವಸ್ತ್ರಗಳ ವಿಷಯದಲ್ಲಿ ಅಮೆರಿಕದ ಸಹಕಾರವನ್ನು ಮರಳಿ ಪಡೆಯಲು ಬ್ರಿಟನ್ ಆಗ ಯತ್ನಿಸುತ್ತಿತ್ತು. ತನ್ನ ಸಂಸ್ಥೆಗಳೇ ಅಸಮರ್ಥವೆಂದು ತಾನೇ ಬರೆದು ಸಾರುವುದು ಆ ಯತ್ನಕ್ಕೆ ಪ್ರತಿಕೂಲವಾಗಿತ್ತು. ೧೯೫೮ರ ಜುಲೈಯಲ್ಲಿ ಉಭಯ ರಾಷ್ಟ್ರಗಳ ನಡುವೆ ರಕ್ಷಣಾ ಒಪ್ಪಂದವಾಯಿತು. ೧೯೫೭ರ ಮಾರ್ಚಿನಲ್ಲಿ ಬಹಳವಾಗಿ ಹಿಗ್ಗಿಸಿದ್ದ ಪರಮಾಣುವಿದ್ಯುತ್ತಿನ ಯೋಜನೆಯನ್ನು ಈ ಬೆಂಕಿ ತಡೆಯಲಿಲ್ಲ. ಒಂದು ಸತ್ಫಲವನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು: ಮುಂದಿನ ಸಮಿತಿಗಳ ಸಲಹೆಯಂತೆ ೧೯೫೯ರಲ್ಲಿ ಪರವಾನಗಿಯ ಕಾನೂನಾಗಿ, ಸ್ಥಾವರಗಳ ಮೇಲೆ ತಪಾಸಣಾಧಿಕಾರವೊಂದು ಏರ್ಪಟ್ಟಿತು. ಆದರೆ ಅಲ್ಲಿ ದುಡಿದವರು ಮೂರು ದಶಕಗಳ ಕಾಲ ಒಂದು ಅರೆಪಾಠದ ಅಪವಾದವನ್ನು ಹೊತ್ತು ಬಾಳಿದರೆಂಬುದನ್ನೂ ಮರೆಯಲಾಗದು.

ಅದೇ ೧೯೫೭ರ ಸೆಪ್ಟೆಂಬರ್ ೨೯ರಂದು ಸೋವಿಯತ್ ದೇಶದ ಯೂರಲ್ ಪ್ರಾಂತದ ಕಿಷ್ಟಿಂ ಬಳಿ ವಿಕಿರಣತ್ಯಾಜ್ಯದ ತೊಟ್ಟಿಯೊಂದು ಸ್ಫೋಟಿಸಿತು. ೧೯೭೬ರಲ್ಲಿ ದೇಶಭ್ರಷ್ಟ ವಿಜ್ಞಾನಿ ಝೋರೆಸ್ ಮೆಡ್ವೆಡೆವ್ ಅದನ್ನು ಹೊರಗೆಡಹಿದರು. ಸೋವಿಯತ್ ಸರಕಾರ ಒಪ್ಪಿಕೊಂಡುದು ೧೯೮೯ರಲ್ಲಿ. ಅರೆಪಾಠವಾದರೂ ಇದ್ದ ಬ್ರಿಟನ್ನಿನಲ್ಲಿ ಕಾನೂನೊಂದು ಹುಟ್ಟಿತು. ಪಾಠವೇ ಇಲ್ಲದ ದುರಂತದಿಂದ ಜಗತ್ತು ಕಲಿಯುವುದಕ್ಕೆ ಏನೂ ಇರಲಿಲ್ಲ.

೩

ಎರಡನೆಯ ವರದಿಗೆ ಪಾಠಾಂತರವಿಲ್ಲ. ಆದ್ದರಿಂದಲೇ ಉಳಿದವುಗಳನ್ನು ಅಳೆಯಲು ಅದು ಮಾನದಂಡವಾಗಬಲ್ಲುದು.

೧೯೭೯ರ ಮಾರ್ಚ್ ೨೮ರ ನಸುಕಿನಲ್ಲಿ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಸ್ಥಾವರದ ಎರಡನೆಯ ಘಟಕದಲ್ಲಿ ನೀರೂಡಿಸುವ ಪಂಪುಗಳು ನಿಂತವು. ಒತ್ತಡವನ್ನು ತಗ್ಗಿಸಲು ತೆರೆದ ಕವಾಟವು ಮತ್ತೆ ಮುಚ್ಚಿಕೊಳ್ಳಬೇಕಾಗಿದ್ದರೂ ಮುಚ್ಚಿಕೊಳ್ಳಲಿಲ್ಲ. ನಿಯಂತ್ರಣಫಲಕದ ದೀಪವು ಕವಾಟಕ್ಕೆ 'ಮುಚ್ಚು' ಎಂಬ ಆಜ್ಞೆ ಹೋಗಿದೆಯೆಂಬುದನ್ನು ಮಾತ್ರ ತಿಳಿಸುತ್ತಿತ್ತು. ಕವಾಟ ಮುಚ್ಚಿದೆಯೋ ಇಲ್ಲವೋ ಎಂಬುದನ್ನಲ್ಲ. ದೀಪವನ್ನು ನಂಬಿದ ಕಾರ್ಯಾಚಾರಿಗಳು ನೀರು ಹೆಚ್ಚಾಗಿದೆಯೆಂದು ಬಗೆದು, ತಾನಾಗಿ ಹರಿಯತೊಡಗಿದ್ದ ತುರ್ತುನೀರನ್ನು ತಗ್ಗಿಸಿದರು. ಇಂಧನಗರ್ಭದ ಸುಮಾರು ಅರ್ಧಭಾಗ ಕರಗಿತು. ಹೊರಗೆ ಸೋರಿದ ವಿಕಿರಣ ಅಲ್ಪ. ಜನರ ಭಯ ಅಲ್ಪವಾಗಿರಲಿಲ್ಲ.

'ಕಾರ್ಯಾಚಾರಿಗಳು ನೀರನ್ನು ನಿಲ್ಲಿಸಿದರು' ಎಂಬ ಒಂದೇ ವಾಕ್ಯದಲ್ಲಿ ಈ ಕಥೆಯನ್ನು ಮುಗಿಸಬಹುದಾಗಿತ್ತು. ಅಧ್ಯಕ್ಷ ಕಾರ್ಟರ್ ನೇಮಿಸಿದ ಹನ್ನೆರಡು ಜನರ ಆಯೋಗಕ್ಕೆ ಮುಖ್ಯಸ್ಥರಾಗಿದ್ದವರು ಗಣಿತಜ್ಞ ಜಾನ್ ಕೆಮೆನಿ. ೧೯೭೯ರ ಅಕ್ಟೋಬರಿನಲ್ಲಿ ಪ್ರಕಟವಾದ ಅವರ ವರದಿಯು ಆ ವಾಕ್ಯವನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರ ಹಿಂದೆ ಮತ್ತೊಂದು ವಾಕ್ಯವನ್ನಿಡುತ್ತದೆ, ಅದರ ಹಿಂದೆ ಇನ್ನೊಂದನ್ನು. ಕಾರ್ಯಾಚಾರಿಗಳು ಹಾಗೇಕೆ ಮಾಡಿದರು? ಅವರಿಗೆ ಅಂತಹ ಶಿಕ್ಷಣವಾಗಿತ್ತು. ಶಿಕ್ಷಣ ಹಾಗೇಕಿತ್ತು? ಸಣ್ಣ ಸಣ್ಣ ವೈಫಲ್ಯಗಳು ಒಟ್ಟುಗೂಡಿ ದೊಡ್ಡದಾಗುವುದನ್ನು ಶಿಕ್ಷಕರೂ ನಿಯಂತ್ರಣಮಂಡಳಿಯೂ ಗಣನೆಗೆ ತಂದಿರಲಿಲ್ಲ. ಮುನ್ಸೂಚನೆಯೇ ಇರಲಿಲ್ಲವೇ? ಇತ್ತು. ೧೯೭೭ರ ಸೆಪ್ಟೆಂಬರಿನಲ್ಲಿ ಓಹಾಯೋ ಪ್ರಾಂತದ ಡೇವಿಸ್-ಬೆಸ್ಸೆ ಸ್ಥಾವರದಲ್ಲಿ ಇದೇ ಬಗೆಯ ಕವಾಟ ತೆರೆದೇ ಉಳಿದು, ಅಲ್ಲಿಯ ಕಾರ್ಯಾಚಾರಿಗಳೂ ಇದೇ ತಪ್ಪನ್ನು ಮಾಡಿದ್ದರು. ರಿಯಾಕ್ಟರನ್ನು ತಯಾರಿಸಿದವರಲ್ಲಿಯೇ ಕೆಲವು ಇಂಜಿನಿಯರರು ಎಲ್ಲ ಸ್ಥಾವರಗಳಿಗೂ ಸ್ಪಷ್ಟವಾದ ಸೂಚನೆ ಹೋಗಬೇಕೆಂದು ಬರೆದಿಟ್ಟಿದ್ದರು. ಆ ಬರಹ ಕಡತದಿಂದ ಹೊರಗೆ ಬರಲಿಲ್ಲ. ಹೀಗೆ ಈ ವರದಿಯಲ್ಲಿ ಕರ್ತೃಪದವು ಕೊಠಡಿಯಿಂದ ಕಂಪೆನಿಗೂ, ಕಂಪೆನಿಯಿಂದ ಸರಕಾರದ ನಿಯಂತ್ರಣಮಂಡಳಿಗೂ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ಕೆಳಗಿನ ಮೆಟ್ಟಿಲಲ್ಲಿದ್ದವನನ್ನು ಬಿಟ್ಟುಬಿಡುವುದೂ ಇಲ್ಲ. ಗದ್ಯದ ದೃಷ್ಟಿಯಿಂದಲೂ ನಾಲ್ಕು ವರದಿಗಳಲ್ಲಿ ಇದೇ ಉತ್ತಮವೆಂದು ನಮ್ಮ ಅಭಿಪ್ರಾಯ. ಅದರ ವಾಕ್ಯಗಳು ಚಿಕ್ಕವು. ಯಾರು ಏನು ಮಾಡಿದರೆಂಬುದು ಸಂದಿಗ್ಧವಾಗುವುದಿಲ್ಲ.

ಇದರ ಫಲವೂ ಅದಕ್ಕೆ ಅನುರೂಪವಾಗಿತ್ತು. ೧೯೭೯ರ ಡಿಸೆಂಬರಿನಲ್ಲಿಯೇ ಅಮೆರಿಕದ ಪರಮಾಣುವಿದ್ಯುತ್ ಕಂಪೆನಿಗಳು ಪರಸ್ಪರ ತಪಾಸಣೆಗಾಗಿ ಒಂದು ಸಂಸ್ಥೆಯನ್ನು ಕಟ್ಟಿಕೊಂಡವು. ಶಿಕ್ಷಣ, ಫಲಕಗಳ ವಿನ್ಯಾಸ, ಅನುಭವವಿನಿಮಯ ಇವುಗಳ ಕ್ರಮವೇ ಬದಲಾಯಿತು. ಸ್ವೀಡನ್ ೧೯೮೦ರ ಮಾರ್ಚಿನಲ್ಲಿ ಜನಮತಗಣನೆಯನ್ನು ನಡೆಸಿತು. ಅನಂತರ ಅಲ್ಲಿಯ ಸಂಸತ್ತು ೨೦೧೦ರೊಳಗೆ ಪರಮಾಣುವಿದ್ಯುತ್ತನ್ನು ತ್ಯಜಿಸುವುದಾಗಿ ನಿಶ್ಚಯಿಸಿ, ಆ ಅವಧಿ ಮುಗಿಯುವ ಮುನ್ನವೇ ಮನಸ್ಸನ್ನು ಬದಲಿಸಿತು. ಅಮೆರಿಕದಲ್ಲಿ ಹೊಸ ರಿಯಾಕ್ಟರಿನ ನಿರ್ಮಾಣಕ್ಕೆ ಮತ್ತೆ ಅನುಮತಿ ದೊರೆತುದು ೨೦೧೨ರಲ್ಲಿ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ನೀತಿಯನ್ನು ನಿರ್ಣಯಿಸುವುದು ಹಣವೇ ಹೊರತು ವರದಿಯ ವಾಕ್ಯರಚನೆಯಲ್ಲವೆಂದು ಅರ್ಥಶಾಸ್ತ್ರಜ್ಞರು ಹೇಳಬಹುದು. ೧೯೭೪ರಿಂದ ಈಚೆಗೆ ಅಮೆರಿಕದಲ್ಲಿ ಕೇಳಲಾಗಿದ್ದ ಹೊಸ ರಿಯಾಕ್ಟರುಗಳೆಲ್ಲವೂ ಕಾಲಕ್ರಮದಲ್ಲಿ ರದ್ದಾದವು. ಬಡ್ಡಿಯ ಏರಿಕೆಯೂ ಬೇಡಿಕೆಯ ಇಳಿತವೂ ಅಪಘಾತಕ್ಕಿಂತ ಮುಂಚಿನವು. ಆಸ್ಟ್ರಿಯ ದೇಶವು ಸಿದ್ಧವಾಗಿದ್ದ ತ್ಸ್ವೆಂಟೆನ್‌ಡಾರ್ಫ್ ಸ್ಥಾವರವನ್ನು ಜನಮತದಿಂದ ತಡೆದುದು ೧೯೭೮ರ ನವೆಂಬರಿನಲ್ಲಿ. ಆಗ ತ್ರೀ ಮೈಲ್ ಐಲೆಂಡಿನ ಹೆಸರನ್ನು ಹೊರಗಿನವರು ಕೇಳಿರಲಿಲ್ಲ. ಈ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಎಷ್ಟು ಸ್ಥಾವರಗಳನ್ನು ಕಟ್ಟಬೇಕೆಂಬುದನ್ನು ವರದಿಗಳು ನಿರ್ಣಯಿಸುವುದು ಕಡಿಮೆ. ಕಟ್ಟಿದವುಗಳನ್ನು ಯಾರು ಕಾಯಬೇಕು, ಯಾರು ಯಾರಿಗೆ ಉತ್ತರ ಕೊಡಬೇಕು, ತಪ್ಪಿದರೆ ಯಾರನ್ನು ಹಿಡಿಯಬೇಕು ಎಂಬುದನ್ನು ಅವು ನಿರ್ಣಯಿಸುತ್ತವೆ. ನಮ್ಮ ವಾದ ಅಷ್ಟಕ್ಕೇ ಸೀಮಿತ.

೪

ಮೂರನೆಯದು ಪಾಠವಿಮರ್ಶಕನಿಗೆ ಅತ್ಯಂತ ಬೋಧಪ್ರದವಾದುದು.

೧೯೮೬ರ ಏಪ್ರಿಲ್ ೨೬ರಂದು, ಮಧ್ಯರಾತ್ರಿ ಕಳೆದು ೧ ಗಂಟೆ ೨೩ ನಿಮಿಷದಲ್ಲಿ ಚೆರ್ನೋಬಿಲ್ಲಿನ ನಾಲ್ಕನೆಯ ಘಟಕವು ಒಂದು ಪರೀಕ್ಷೆಯ ಸಂದರ್ಭದಲ್ಲಿ ಸ್ಫೋಟಿಸಿತು. ಏಪ್ರಿಲ್ ೨೮ರಂದು ಸ್ವೀಡನ್ನಿನ ಫಾರ್ಸ್‌ಮಾರ್ಕ್ ಸ್ಥಾವರದಲ್ಲಿ ವಿಕಿರಣಮಾಪಕಗಳು ಎಚ್ಚರಿಸಿದಾಗ ಹೊರಜಗತ್ತಿಗೆ ಸುದ್ದಿ ತಿಳಿಯಿತು. ಆಗಸ್ಟಿನಲ್ಲಿ ವಿಯೆನ್ನಾದಲ್ಲಿ ವಲೆರಿ ಲೆಗಾಸೊವ್ ನೇತೃತ್ವದ ಸೋವಿಯತ್ ನಿಯೋಗವು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮುಂದೆ ದೀರ್ಘವಾದ ವಿವರಣೆಯನ್ನಿತ್ತಿತು. ಸೋವಿಯತ್ ದೇಶದಿಂದ ಯಾರೂ ನಿರೀಕ್ಷಿಸದಿದ್ದ ಆ ಮುಕ್ತತೆಗೆ ಸಭೆ ಬೆರಗಾಯಿತು. ಆ ವಿವರಣೆಯನ್ನೇ ಆಧರಿಸಿ ಸಂಸ್ಥೆಯ ಸುರಕ್ಷತಾ ಸಲಹಾತಂಡವು ಅದೇ ವರ್ಷ ತನ್ನ ಮೊದಲನೆಯ ವರದಿಯನ್ನು ಪ್ರಕಟಿಸಿತು. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಏಕಪ್ರತಿಯನ್ನು ಅವಲಂಬಿಸಿದ ಸಂಪಾದನೆ. ಆ ಪ್ರತಿಯನ್ನು ಒದಗಿಸಿದವರೋ ಕಥೆಯಲ್ಲಿ ಹಿತಾಸಕ್ತಿಯುಳ್ಳವರು.

ಈ ವರದಿಯು ಯಂತ್ರದ ದೋಷಗಳನ್ನು ಪೂರ್ತಿಯಾಗಿ ಮುಚ್ಚಿಟ್ಟಿತೆಂದು ಹೇಳಲಾಗದು. ನೀರು ಆವಿಯಾದಷ್ಟೂ ಶಕ್ತಿ ಏರುವ ಸ್ವಭಾವ ಆ ರಿಯಾಕ್ಟರಿಗಿತ್ತೆಂಬುದು ಅದರಲ್ಲಿ ಉಕ್ತವಾಗಿದೆ. ಆದರೆ ವಾಕ್ಯಗಳ ಭಾರವೆಲ್ಲ ಬಿದ್ದಿರುವುದು ಕಾರ್ಯಾಚಾರಿಗಳ ನಿಯಮೋಲ್ಲಂಘನೆಗಳ ಮೇಲೆ. ಅವರು ರಕ್ಷಣೋಪಾಯಗಳನ್ನು ಕಡಿದುಹಾಕಿದರು, ಇಳಿಸಬಾರದಷ್ಟು ಶಕ್ತಿಯನ್ನು ಇಳಿಸಿ ನಡೆಸಿದರು, ದಂಡಗಳನ್ನು ಮಿತಿಮೀರಿ ಮೇಲೆತ್ತಿದರು ಎಂಬ ಪಟ್ಟಿ ಅದು. ಇದಕ್ಕೆ ಉತ್ತರ ಕೊಡಬಹುದಾಗಿದ್ದವರಲ್ಲಿ ಇಬ್ಬರು, ಅಂದು ಕೊಠಡಿಯಲ್ಲಿದ್ದ ಅಕಿಮೊವ್ ಮತ್ತು ತೊಪ್ತುನೊವ್, ಮೇ ತಿಂಗಳಲ್ಲಿಯೇ ವಿಕಿರಣಕ್ಕೆ ಬಲಿಯಾಗಿದ್ದರು. ಎರಡನೆಯವನ ವಯಸ್ಸು ೨೫. ೧೯೮೭ರ ಜುಲೈಯಲ್ಲಿ ಚೆರ್ನೋಬಿಲ್ ಪಟ್ಟಣದಲ್ಲಿಯೇ ವಿಚಾರಣೆ ನಡೆದು, ಸ್ಥಾವರದ ನಿರ್ದೇಶಕ ಬ್ರ್ಯುಖಾನೊವ್, ಮುಖ್ಯ ಇಂಜಿನಿಯರ್ ಫೊಮಿನ್, ಉಪಮುಖ್ಯ ಇಂಜಿನಿಯರ್ ದ್ಯಾತ್ಲೊವ್ ಇವರಿಗೆ ಹತ್ತು ಹತ್ತು ವರ್ಷಗಳ ಸೆರೆವಾಸ ವಿಧಿಸಲ್ಪಟ್ಟಿತು. ರಿಯಾಕ್ಟರನ್ನು ರಚಿಸಿದವರಾರೂ ಆ ಕಟಕಟೆಯಲ್ಲಿರಲಿಲ್ಲ.

೧೯೯೧ರಲ್ಲಿ ಸೋವಿಯತ್ ದೇಶದಲ್ಲಿಯೇ ನಡೆದ ಮರುವಿಚಾರಣೆಯ ಬಳಿಕ, ಅದೇ ಸಲಹಾತಂಡವು ೧೯೯೨ರಲ್ಲಿ ತನ್ನ ಏಳನೆಯ ವರದಿಯಲ್ಲಿ ಮೊದಲನೆಯದನ್ನು ತಿದ್ದಿತು. ಉಲ್ಲಂಘನೆಗಳೆಂದು ಹಿಂದೆ ಹೇಳಿದ್ದ ಕೆಲವು ನಿಜವಾಗಿ ಉಲ್ಲಂಘನೆಗಳೇ ಆಗಿರಲಿಲ್ಲ; ಕಡಿಮೆ ಶಕ್ತಿಯಲ್ಲಿ ನಡೆಸಬಾರದೆಂಬ ನಿಯಮವೇ ಅಂದು ಬರಹದಲ್ಲಿರಲಿಲ್ಲ. ಇನ್ನೂ ದಾರುಣವಾದುದು ನಿಯಂತ್ರಣದಂಡಗಳ ವಿಷಯ. ದಂಡದ ಕೆಳಗೆ ಗ್ರಾಫೈಟಿನ ತುಂಡೊಂದು ತೂಗುತ್ತಿತ್ತು. ಪೂರ್ತಿ ಮೇಲೆತ್ತಿದ ದಂಡಗಳನ್ನು ತುರ್ತಾಗಿ ಇಳಿಸಿದಾಗ, ಶಕ್ತಿಯನ್ನು ಹೀರುವ ಭಾಗ ಒಳಗೆ ಸೇರುವ ಮುನ್ನ ಆ ಗ್ರಾಫೈಟು ಕೆಳಗಿದ್ದ ನೀರನ್ನು ತಳ್ಳಿ, ಅಲ್ಲಿ ಕ್ಷಣಕಾಲ ಶಕ್ತಿಯನ್ನು ಏರಿಸುತ್ತಿತ್ತು. ಅಂದರೆ, ಬಂಡಿಯನ್ನು ನಿಲ್ಲಿಸಲೆಂದು ಬ್ರೇಕನ್ನೊತ್ತಿದರೆ ಅದು ಮೊದಲು ಮುನ್ನುಗ್ಗುವಂತಹ ರಚನೆ. ಈ ದೋಷವು ೧೯೮೩ರಲ್ಲಿ ಲಿಥುವೇನಿಯದ ಇಗ್ನಲಿನಾ ಸ್ಥಾವರದ ಪರೀಕ್ಷೆಯಲ್ಲಿ ಕಂಡುಬಂದಿತ್ತು. ಬಲ್ಲವರು ಬಲ್ಲರು, ನಡೆಸುವವರಿಗೆ ಅದರ ಅಪಾಯವನ್ನು ಮನಗಾಣಿಸಿದವರಿಲ್ಲ.

ಮೊದಲ ಪಾಠದ 'ಅವರು ಕೆಡಿಸಿದರು' ಎಂಬುದು ಎರಡನೆಯ ಪಾಠದಲ್ಲಿ 'ಕೆಡುವಂತೆ ರಚಿಸಿದ್ದರು, ಅದನ್ನು ತಿಳಿಸಲಿಲ್ಲ' ಎಂದಾಗಿದೆ. ಕಾರ್ಯಾಚಾರಿಗಳು ಇಲ್ಲಿಯೂ ನಿರ್ದೋಷಿಗಳಲ್ಲ. ಆದರೆ ಅವರ ಮೇಲಿದ್ದ ಕರ್ತೃಗಳು ಈಗ ಕಾಣಿಸಿಕೊಂಡಿದ್ದಾರೆ. ಇದಕ್ಕಿಂತ ಮಿಗಿಲಾದ ಸ್ವಾರಸ್ಯವೊಂದಿದೆ. ಮೊದಲ ಪಾಠವು ಕಾರ್ಯಾಚಾರಿಗಳನ್ನು ದೂರುತ್ತಿದ್ದ ಕಾಲದಲ್ಲಿಯೇ ಸೋವಿಯತ್ ಇಂಜಿನಿಯರರು ಉಳಿದ ರಿಯಾಕ್ಟರುಗಳಲ್ಲಿ ದಂಡಗಳ ರಚನೆಯನ್ನು ಬದಲಿಸಿದರು, ಅವು ಬೇಗ ಇಳಿಯುವಂತೆ ಮಾಡಿದರು, ಇಂಧನದಲ್ಲಿ ಯುರೇನಿಯಂ-೨೩೫ರ ಪ್ರಮಾಣವನ್ನು ಶೇಕಡ ೨ರಿಂದ ೨.೪ಕ್ಕೆ ಏರಿಸಿದರು. ದೋಷವೆಲ್ಲ ಮನುಷ್ಯರದೇ ಆಗಿದ್ದರೆ ಯಂತ್ರವನ್ನು ತಿದ್ದುವ ಅಗತ್ಯವೇನಿತ್ತು? ಬರೆಯದೆ ಉಳಿದ ಸತ್ಯಕ್ಕೆ ಅವರ ರಿಪೇರಿಯೇ ವ್ಯಾಖ್ಯಾನವಾಯಿತು.

ಅಂತಾರಾಷ್ಟ್ರೀಯ ನೀತಿಯು ಎರಡನೆಯ ಪಾಠಕ್ಕಾಗಿ ಕಾಯಲಿಲ್ಲ. ೧೯೮೬ರ ಸೆಪ್ಟೆಂಬರ್ ೨೬ರಂದೇ ಎರಡು ಒಡಂಬಡಿಕೆಗಳು ಅಂಗೀಕೃತವಾದವು: ಅಪಘಾತವಾದೊಡನೆ ನೆರೆಯವರಿಗೆ ತಿಳಿಸಬೇಕೆಂಬುದು ಒಂದು, ಪರಸ್ಪರ ನೆರವಾಗಬೇಕೆಂಬುದು ಇನ್ನೊಂದು. ಎರಡೂ ಅಗತ್ಯವಾದವೇ. ಆದರೆ ಎರಡೂ ಅಪಘಾತವಾದ ಮೇಲಿನ ಕರ್ತವ್ಯಗಳು. ಮುಂಚಿತವಾಗಿ ಒಬ್ಬರ ರಿಯಾಕ್ಟರನ್ನು ಇನ್ನೊಬ್ಬರು ಪರೀಕ್ಷಿಸುವ ಅಧಿಕಾರ ಅವುಗಳಲ್ಲಿಲ್ಲ. ೧೯೯೪ರ ಪರಮಾಣು ಸುರಕ್ಷತಾ ಒಡಂಬಡಿಕೆಯೂ ದಂಡನೆಯನ್ನು ಬಿಟ್ಟು ಪರಸ್ಪರ ಸಮೀಕ್ಷೆಯನ್ನೇ ನಂಬಿತು. ಇಟಲಿಯು ೧೯೮೭ರ ಜನಮತಗಣನೆಯ ಬಳಿಕ ತನ್ನ ಸ್ಥಾವರಗಳನ್ನು ಮುಚ್ಚಿತು. ಇತರ ಹಲವು ದೇಶಗಳಿಗೆ 'ಅದು ಅವರ ಯಂತ್ರ, ಅವರ ಜನ' ಎಂಬ ಸಮಾಧಾನ ಸುಲಭವಾಗಿ ದೊರೆಯಿತು. ಲಿಥುವೇನಿಯವು ಐರೋಪ್ಯ ಒಕ್ಕೂಟವನ್ನು ಸೇರಬೇಕಾದಾಗ ಇಗ್ನಲಿನಾವನ್ನು ಮುಚ್ಚಬೇಕೆಂಬ ಷರತ್ತು ಬಂದು, ಅದರ ಕೊನೆಯ ರಿಯಾಕ್ಟರು ೨೦೦೯ರಲ್ಲಿ ನಿಂತಿತು. ಯಂತ್ರವೇ ಕರ್ತೃವೆಂಬ ಎರಡನೆಯ ಪಾಠವು ನೀತಿಯಾಗಿ ಪರಿಣಮಿಸಿದ ಅಪೂರ್ವ ನಿದರ್ಶನವದು.

೫

ನಾಲ್ಕನೆಯ ವರದಿಯಲ್ಲಿ ಪಾಠಭೇದವು ಕಾಲದಿಂದ ಆದುದಲ್ಲ, ಭಾಷೆಯಿಂದ ಆದುದು.

೨೦೧೧ರ ಮಾರ್ಚ್ ೧೧ರಂದು ಜಪಾನಿನ ಪೂರ್ವಕರಾವಳಿಯ ಆಚೆ ೯.೦ ಪ್ರಮಾಣದ ಭೂಕಂಪವಾಗಿ, ಅದರಿಂದೆದ್ದ ಸುನಾಮಿಯು ಫುಕುಷಿಮಾ ದಾಯಿಚಿ ಸ್ಥಾವರವನ್ನು ಮುಳುಗಿಸಿತು. ವಿದ್ಯುತ್ತಿಲ್ಲದೆ ತಂಪು ನಿಂತು ಮೂರು ರಿಯಾಕ್ಟರುಗಳ ಇಂಧನ ಕರಗಿತು. 'ಸಮುದ್ರ ಉಕ್ಕಿತು' ಎಂಬುದಕ್ಕಿಂತ ಅನುಕೂಲವಾದ ಅಕರ್ಮಕ ವಾಕ್ಯ ಇನ್ನೊಂದಿಲ್ಲ. ಜಪಾನಿನ ಸಂಸತ್ತು ವಿಶೇಷ ಕಾನೂನಿನಿಂದ ನೇಮಿಸಿದ, ಕಿಯೋಶಿ ಕುರೊಕಾವಾ ಅಧ್ಯಕ್ಷತೆಯ ಆಯೋಗವು ಆ ವಾಕ್ಯವನ್ನು ಒಪ್ಪಲಿಲ್ಲ. ೨೦೧೨ರ ಜುಲೈ ೫ರ ಅದರ ವರದಿಯು, ಇದು ಮನುಷ್ಯರಿಂದಾದ ದುರಂತವೆಂದೂ, ಸರಕಾರ, ನಿಯಂತ್ರಕರು, ವಿದ್ಯುತ್ ಕಂಪೆನಿ ಈ ಮೂವರ ಒಳಸಂಬಂಧವೇ ಇದರ ಮೂಲವೆಂದೂ ನಿರ್ಣಯಿಸಿತು. ಹದಿನೈದು ಮೀಟರಿಗೂ ಮಿಕ್ಕಿದ ಅಲೆ ಬರಬಹುದೆಂಬ ಲೆಕ್ಕವನ್ನು ೨೦೦೮ರಲ್ಲಿ ಕಂಪೆನಿಯೇ ಮಾಡಿಸಿ ಸುಮ್ಮನಿದ್ದಿತು.

ಇಷ್ಟು ದಿಟ್ಟವಾದ ವರದಿಗೆ ಅಧ್ಯಕ್ಷರು ಬರೆದ ಮುನ್ನುಡಿಯು ಇಂಗ್ಲಿಷಿನಲ್ಲಿ ಒಂದು ಬಗೆ, ಜಪಾನಿಯಲ್ಲಿ ಇನ್ನೊಂದು ಬಗೆ. ಇಂಗ್ಲಿಷ್ ಮುನ್ನುಡಿಯು ದುರಂತದ ಮೂಲವನ್ನು ಜಪಾನೀ ಸಂಸ್ಕೃತಿಯ ಬೇರೂರಿದ ರೂಢಿಗಳಲ್ಲಿ, ಎಂದರೆ ಪ್ರಶ್ನಿಸದ ವಿಧೇಯತೆ, ಗುಂಪಿನ ನಿಷ್ಠೆ ಮೊದಲಾದವುಗಳಲ್ಲಿ, ಕಾಣುತ್ತದೆ. ಜಪಾನೀ ಮುನ್ನುಡಿಯಲ್ಲಿ ಮೂಲವನ್ನು ಹಾಗೆ ರಾಷ್ಟ್ರಸಂಸ್ಕೃತಿಗೆ ಆರೋಪಿಸುವ ಮಾತಿಲ್ಲ. ಈ ಭೇದವನ್ನು ಆಗಲೇ ಹಲವರು ಎತ್ತಿ ತೋರಿಸಿದರು. ಎಲ್ಲರ ಸಂಸ್ಕೃತಿಯೂ ಕಾರಣವೆಂದರೆ ಯಾರೂ ಕಾರಣರಲ್ಲವೆಂದಂತೆಯೇ ಆಗುತ್ತದೆಂಬುದು ಅವರ ಆಕ್ಷೇಪ. ಅದು ಯುಕ್ತವೆಂದೇ ನಮಗೂ ತೋರುತ್ತದೆ. ವರದಿಯ ಒಡಲು ಕಷ್ಟಪಟ್ಟು ಹುಡುಕಿದ ಕರ್ತೃಪದವನ್ನು ಮುನ್ನುಡಿಯು ಒಂದು ಭಾವನಾಮದಲ್ಲಿ ಕರಗಿಸಿಬಿಟ್ಟಿದೆ. ಮೇಲಾಗಿ ಮುನ್ನುಡಿಯನ್ನು ಎಲ್ಲರೂ ಓದುತ್ತಾರೆ, ಒಡಲನ್ನು ಕೆಲವರೇ.

ಇದರ ಪರಿಣಾಮವನ್ನು ಎರಡು ವಿರುದ್ಧವಾದ ಓದುಗಳಲ್ಲಿ ಕಾಣಬಹುದು. 'ಜಪಾನಿನವರು ಹಾಗೆ, ನಾವು ಹಾಗಲ್ಲ' ಎಂಬುದು ಒಂದು. ಚೆರ್ನೋಬ್ಲಿನ ನಂತರ ಕೇಳಿದ ಸಮಾಧಾನವೇ ಇದು. 'ಜಪಾನಿನಂತಹ ನಿಪುಣ ದೇಶದಲ್ಲಿಯೂ ಹೀಗಾಯಿತು' ಎಂಬುದು ಇನ್ನೊಂದು. ಜರ್ಮನಿಯಲ್ಲಿ ಚಾನ್ಸಲರ್ ಆಂಗೆಲಾ ಮೆರ್ಕೆಲ್ ನೇಮಿಸಿದ ನೀತಿಧರ್ಮ ಆಯೋಗವು ೨೦೧೧ರ ಮೇ ತಿಂಗಳಲ್ಲಿ ಎರಡನೆಯ ಬಗೆಯಲ್ಲಿ ಓದಿತು. ಜಪಾನೀ ಆಯೋಗ ಆಗಿನ್ನೂ ನೇಮಕವಾಗಿರಲಿಲ್ಲ. ಅಪಾಯವನ್ನು ಲೆಕ್ಕಹಾಕುವ ಮನುಷ್ಯನ ಶಕ್ತಿಯೇ ಅಲ್ಲಿ ಕರ್ತೃವಾಗಿ ಕಟಕಟೆಗೆ ಬಂತು. ಜರ್ಮನಿಯ ಕೊನೆಯ ಮೂರು ರಿಯಾಕ್ಟರುಗಳು ೨೦೨೩ರ ಏಪ್ರಿಲ್ ೧೫ರಂದು ನಿಂತವು. ಇಟಲಿಯ ಮತದಾರರು ೨೦೧೧ರ ಜೂನಿನಲ್ಲಿ ಮತ್ತೊಮ್ಮೆ ಬೇಡವೆಂದರು. ಚೀನವು ಹೊಸ ಅನುಮತಿಗಳನ್ನು ಕೆಲಕಾಲ ತಡೆದು ೨೦೧೨ರಲ್ಲಿ ಪುನಃ ಆರಂಭಿಸಿತು. ಜಪಾನಿನಲ್ಲಿ ೨೦೧೩ರ ಸೆಪ್ಟೆಂಬರಿನಿಂದ ೨೦೧೫ರ ಆಗಸ್ಟಿನವರೆಗೆ ಒಂದು ರಿಯಾಕ್ಟರೂ ನಡೆಯಲಿಲ್ಲ. ೨೦೨೫ರ ಫೆಬ್ರವರಿಯ ಶಕ್ತಿಯೋಜನೆಯಲ್ಲಿ, ಪರಮಾಣುವಿನ ಅವಲಂಬನವನ್ನು ಸಾಧ್ಯವಾದಷ್ಟು ತಗ್ಗಿಸುವೆವೆಂಬ ಹಿಂದಿನ ಮಾತನ್ನು ಕೈಬಿಟ್ಟರು. ನ್ಯಾಯಾಲಯದಲ್ಲಿಯೂ ಕರ್ತೃ ದೊರೆಯಲಿಲ್ಲ. ಕಂಪೆನಿಯ ಮಾಜಿ ಮುಖ್ಯಸ್ಥರನ್ನು ೨೦೧೯ರಲ್ಲಿ ಟೋಕಿಯೋ ನ್ಯಾಯಾಲಯವು ನಿರ್ದೋಷಿಗಳೆಂದಿತು. ೨೦೨೫ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು.

೬

ಇಷ್ಟು ಹೇಳಿದ ಮೇಲೆ ಒಂದು ಕೊರತೆಯನ್ನು ಗಮನಿಸಬೇಕು. ಕಾರಕಗಳಲ್ಲಿ ಕರ್ತೃವೊಂದೇ ಇಲ್ಲ. ಕನ್ನಡದಲ್ಲಿ ನೋವು, ಹಸಿವು, ಭಯ ಇವುಗಳನ್ನು ಅನುಭವಿಸುವವರನ್ನು ಚತುರ್ಥಿಯಲ್ಲಿಡುತ್ತೇವೆ: 'ನನಗೆ ನೋವಾಯಿತು', 'ಅವಳಿಗೆ ಭಯವಾಯಿತು'. ನಮ್ಮ ವರದಿಗಳಲ್ಲಿ ಈ ಚತುರ್ಥೀವಿಭಕ್ತಿಯು ಬಹಳ ವಿರಳ. ಕ್ರಮಕ್ರಮವಾಗಿ ಮಾತ್ರ ಅದು ಒಳಗೆ ಬಂದಿದೆ. ಕೆಮೆನಿ ಆಯೋಗವು ಜನರಿಗಾದ ಮುಖ್ಯ ಹಾನಿ ಮಾನಸಿಕ ಕ್ಲೇಶವೆಂದು ಗುರುತಿಸಿತು. ಜಪಾನೀ ಆಯೋಗವು ಊರುಬಿಟ್ಟ ಹತ್ತು ಸಾವಿರಕ್ಕೂ ಮಿಕ್ಕ ಜನರಿಂದ ಉತ್ತರಗಳನ್ನು ಸಂಗ್ರಹಿಸಿತು. ಚೆರ್ನೋಬಿಲ್ಲಿನ ವರದಿಗಳಲ್ಲಿ, ೧೯೮೬ರಲ್ಲಿಯೇ ಮನೆ ತೊರೆದ ಲಕ್ಷಕ್ಕೂ ಮಿಕ್ಕ ಜನರು ಕೇವಲ ಸಂಖ್ಯೆಯಾಗಿದ್ದಾರೆ. ಅವರಿಗೆ ಮಾತು ಬಂದುದು ಬೆಲಾರೂಸಿನ ಲೇಖಕಿ ಸ್ವೆತ್ಲಾನಾ ಅಲೆಕ್ಸಿಯೆವಿಚ್ ೧೯೯೭ರಲ್ಲಿ ಪ್ರಕಟಿಸಿದ 'ಚೆರ್ನೋಬಿಲ್ ಪ್ರಾರ್ಥನೆ' ಎಂಬ ಗ್ರಂಥದಲ್ಲಿ. ಬೆಂಕಿಯನ್ನು ನಂದಿಸಹೋದವನ ಹೆಂಡತಿ, ನಿಷಿದ್ಧ ಹಳ್ಳಿಗೆ ಮರಳಿದ ಮುದುಕಿಯರು, ಸೈನಿಕರು, ವಿಜ್ಞಾನಿಗಳು ಅಲ್ಲಿ ತಮ್ಮ ತಮ್ಮ ಬಾಯಿಂದಲೇ ಮಾತನಾಡುತ್ತಾರೆ. ೨೦೧೫ರಲ್ಲಿ ಆಕೆಗೆ ನೊಬೆಲ್ ಬಹುಮಾನ ಬಂದಾಗ ಇದು ಸಾಹಿತ್ಯವೋ ವರದಿಯೋ ಎಂದು ಸಂದೇಹಪಟ್ಟವರಿದ್ದರು. ವರದಿಗಳು ಬಿಟ್ಟ ವಿಭಕ್ತಿಯನ್ನು ಆ ಗ್ರಂಥ ತುಂಬಿತೆಂದರೆ ಸಾಕು. ಅದನ್ನು ಏನೆಂದು ಕರೆದರೂ ಬಾಧಕವಿಲ್ಲ.

ನಮ್ಮ ನಾಡಿಗೂ ಈ ವಿಚಾರ ದೂರದ್ದಲ್ಲ. ಕಾಳೀನದಿಯ ದಡದ ಕೈಗಾದಲ್ಲಿ ಪರಮಾಣುಸ್ಥಾವರ ಬರುವುದನ್ನು ವಿರೋಧಿಸಿದವರಲ್ಲಿ ಡಾ. ಶಿವರಾಮ ಕಾರಂತರು ಪ್ರಮುಖರು. ೧೯೮೯ರ ಲೋಕಸಭಾ ಚುನಾವಣೆಗೆ ಅವರು ಉತ್ತರ ಕನ್ನಡದಿಂದ ನಿಂತುದು, ಗೆಲ್ಲುವ ಆಶೆಗಿಂತ ಹೆಚ್ಚಾಗಿ ಪರಿಸರದ ಪ್ರಶ್ನೆಗಳನ್ನು ಜನರ ಮುಂದಿಡುವುದಕ್ಕಾಗಿ. ೧೯೯೪ರ ಮೇ ೧೩ರಂದು ನಿರ್ಮಾಣದಲ್ಲಿದ್ದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಇಂಧನವನ್ನಿನ್ನೂ ಇಟ್ಟಿರಲಿಲ್ಲವಾದುದರಿಂದ ವಿಕಿರಣದ ಭಯವಿರಲಿಲ್ಲ. ವಿನ್ಯಾಸವನ್ನು ತಿದ್ದಿ ಮತ್ತೆ ಕಟ್ಟಿದರು; ೨೦೦೦ದಲ್ಲಿ ಎರಡು ಘಟಕಗಳೂ ವಿದ್ಯುತ್ತನ್ನು ಕೊಡತೊಡಗಿದವು. ಈ ಸಂಗತಿಯನ್ನು ಕನ್ನಡದಲ್ಲಿ ಯಾರು ಹೇಳಿದರೂ ಸಹಜವಾಗಿ ಬರುವ ವಾಕ್ಯ 'ಗುಮ್ಮಟ ಕುಸಿಯಿತು' ಎಂಬುದು. ಒಡೆದ ಕೊಡದ ಮುಂದೆ ನಿಂತ ಹುಡುಗನ ವಾಕ್ಯವೂ ಇದೇ.

ಇನ್ನು ಕಾನೂನಿನ ಮಾತು. ೨೦೧೦ರಲ್ಲಿ ನಮ್ಮ ಸಂಸತ್ತು ಪರಮಾಣು ಹಾನಿಯ ಹೊಣೆಯನ್ನು ಕುರಿತು ಕಾನೂನನ್ನು ಮಾಡಿದಾಗ, ಭೋಪಾಲದ ನೆನಪಿನಿಂದ, ಯಂತ್ರವನ್ನು ಒದಗಿಸಿದವರ ಮೇಲೆಯೂ ಕೆಲವು ಸಂದರ್ಭಗಳಲ್ಲಿ ಹಕ್ಕೊತ್ತಾಯ ಮಾಡಲು ಎಡೆಯಿಟ್ಟಿತು. ವಿದೇಶೀ ಕಂಪೆನಿಗಳು ಈ ಉಪಬಂಧವನ್ನು ಬಹುಕಾಲ ಆಕ್ಷೇಪಿಸಿದುದು ಅಕಾರಣವಾಗಿರಲಿಲ್ಲ. ಅದು ಅಪಘಾತಕ್ಕೆ ಮುಂಚೆಯೇ ಕರ್ತೃಪದವನ್ನು ಬರೆದಿಡುವ ಯತ್ನ. ವಿಯೆನ್ನಾದ ಮೊದಲ ಪಾಠವು ಬಿಟ್ಟುದು ಇದನ್ನೇ.

೨೦೨೩ರ ಡಿಸೆಂಬರಿನಲ್ಲಿ ದುಬೈಯ ಹವಾಮಾನ ಸಮ್ಮೇಳನದಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರಗಳು ಪರಮಾಣುಶಕ್ತಿಯನ್ನು ೨೦೫೦ರೊಳಗೆ ಮೂರು ಪಟ್ಟು ಮಾಡುವ ಗುರಿಯನ್ನು ಘೋಷಿಸಿದವು. ೨೦೨೪ರಲ್ಲಿ ತ್ರೀ ಮೈಲ್ ಐಲೆಂಡಿನ ಮೊದಲ ಘಟಕವನ್ನು, ಅಪಘಾತಕ್ಕೊಳಗಾಗದೆ ೨೦೧೯ರವರೆಗೂ ನಡೆದಿದ್ದುದನ್ನು, ಹೊಸ ಹೆಸರಿನಿಂದ ಪುನಃ ನಡೆಸುವ ಯೋಜನೆ ಪ್ರಕಟವಾಯಿತು. ಭೂಮಿಯ ಬಿಸಿಯೇರುತ್ತಿರುವಾಗ ಇದು ವಿವೇಕವೋ ಅಲ್ಲವೋ ಎಂಬುದನ್ನು ನಾವು ಇಲ್ಲಿ ತೀರ್ಮಾನಿಸುವುದಿಲ್ಲ, ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಹೊಸ ಸ್ಥಾವರಗಳನ್ನು ಕಟ್ಟುವವರು ಹಳೆಯ ವರದಿಗಳ ಯಾವ ಪಾಠವನ್ನು ಕೈಯಲ್ಲಿ ಹಿಡಿದಿದ್ದಾರೆ ಎಂದು ಕೇಳುವ ಹಕ್ಕು ಎಲ್ಲ ವಾಚಕರಿಗೂ ಇದೆ. ೧೯೫೭ರ ಶ್ವೇತಪತ್ರವನ್ನೋ ೧೯೮೮ರ ಮೂಲವನ್ನೋ? ಸಲಹಾತಂಡದ ಮೊದಲನೆಯದನ್ನೋ ಏಳನೆಯದನ್ನೋ? ಜಪಾನೀ ವರದಿಯ ಮುನ್ನುಡಿಯನ್ನೋ ಒಡಲನ್ನೋ?

ಪದವಿ ತರಗತಿಗಳಲ್ಲಿ ವ್ಯಾಕರಣವನ್ನು ಬೋಧಿಸುವ ಅಧ್ಯಾಪಕರಿಗೆ ನಮ್ಮದೊಂದು ವಿಜ್ಞಾಪನೆ. ಕರ್ತರಿ-ಕರ್ಮಣಿ ಪ್ರಯೋಗಗಳ ಪಾಠಕ್ಕೆ 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂಬ ಉದಾಹರಣೆ ಬಹುಕಾಲದಿಂದ ನಡೆದುಬಂದಿದೆ. ಅದರೊಡನೆ ಸರಕಾರದ ಯಾವುದಾದರೊಂದು ವಿಚಾರಣಾವರದಿಯಿಂದ ಹತ್ತು ವಾಕ್ಯಗಳನ್ನು ಕೊಟ್ಟು, ಕರ್ತೃಪದ ಎಲ್ಲಿದೆಯೆಂದು ಹುಡುಕಿಸಲಿ. ಕರ್ಮಣಿಪ್ರಯೋಗ ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗುವುದಿಲ್ಲವೆಂದು ಹೇಳುತ್ತಲೇ, ಕಚೇರಿಯ ಬರವಣಿಗೆಯಲ್ಲಿ ಅದು ಏಕೆ ಇಷ್ಟು ಸಮೃದ್ಧವಾಗಿ ಬೆಳೆದಿದೆಯೆಂದು ವಿದ್ಯಾರ್ಥಿಗಳೇ ಯೋಚಿಸಲಿ. ಆ ಯೋಚನೆಯಿಂದ ರಿಯಾಕ್ಟರುಗಳು ಸುರಕ್ಷಿತವಾಗುವುದಿಲ್ಲ. ಆದರೆ ನಾಳೆ ಒಂದು ವರದಿಯನ್ನು ಬರೆಯಬೇಕಾದವನೋ ಅದನ್ನು ಓದಿ ಒಪ್ಪಬೇಕಾದವನೋ ಆ ತರಗತಿಯಲ್ಲಿ ಕುಳಿತಿರಬಹುದು.